ಪದ ಬೇಕು: ಆಕ್ಟಿನಾಪ್ಟೆರಿಜಿಯೈ, ಪೇಲಿಯೊನಿಸ್ಕಾಯ್ಡ್ (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಪಳೆಯುಳಿಕೆ ಮೀನುಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ಈಜುರೆಕ್ಕೆಯಲ್ಲಿ ಎಲುಬಿನ ಕಡ್ಡಿಗಳಿರುವ ಮೀನುಗಳ ದೊಡ್ಡ ಗುಂಪಾದ ಆಕ್ಟಿನಾಪ್ಟೆರಿಜಿಯೈಗೆ ‘ಕಿರಣರೆಕ್ಕೆ ಮೀನು’ ಎಂದು ಹಾಕಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ಅದೇ ಗುಂಪಿನ ಹಳೆಯ ಪಳೆಯುಳಿಕೆ ಮೀನುಗಳಾದ ಪೇಲಿಯೊನಿಸ್ಕಾಯ್ಡ್‌ಗಳನ್ನು ‘ಪೇಲಿಯೊನಿಸ್ಕಸ್ ಕುಟುಂಬ’ ಎನ್ನಬಹುದೇ?

> ಉತ್ತರ
ಕಿರಣ ಬೇಡವೇ ಬೇಡ. ಈಜುರೆಕ್ಕೆಯ ತೊಗಲನ್ನು ಬಿಡಿಸಿ ಹಿಡಿಯುವುದು ಎಲುಬಿನ ಕಡ್ಡಿ, ಬೆಳಕಲ್ಲ. ಗ್ರೀಕಿನ ‘ಆಕ್ಟಿಸ್’ಗೆ ಗಾಲಿಯ ಅರ ಎಂಬ ಅರ್ಥವೂ ಉಂಟು. ‘ಅರರೆಕ್ಕೆ’ ಎನ್ನಿ.

> ಉತ್ತರ
‘ಅರರೆಕ್ಕೆ’ಯನ್ನು ಓದುವವರು ಅರ್ಧ ರೆಕ್ಕೆ ಎಂದುಕೊಳ್ಳುತ್ತಾರೆ. ಅಲ್ಲದೆ ‘ಅರ’ ಸಂಸ್ಕೃತದ್ದು. ನೀವೇ ಹೇಳಿದ ಕಡ್ಡಿ ಇರುವಾಗ ಅದೇಕೆ? ‘ಕಡ್ಡಿರೆಕ್ಕೆ ಮೀನು’, ಮುಗಿಯಿತು. ‘ಮುಳ್ಳುರೆಕ್ಕೆ’ ಎಂದು ಮಾತ್ರ ಯಾರೂ ಸೂಚಿಸಬೇಡಿ, ಅದು ಇದರೊಳಗಿನ ಬೇರೊಂದು ಗುಂಪಿಗೆ, ಅಕ್ಯಾಂಥಾಪ್ಟೆರಿಜಿಯೈಗೆ, ಸಲ್ಲಬೇಕಾದ ಹೆಸರು. ಉಳಿದ ಹೆಸರುಗಳನ್ನೂ ಕನ್ನಡಿಸಿ. ಇಷ್ಟುದ್ದದ ಲ್ಯಾಟಿನ್ ನೋಡಿದ ಮಕ್ಕಳು ಫಲಕದ ಮುಂದೆ ನಿಲ್ಲುವುದಿಲ್ಲ.

> ಉತ್ತರ
ಕಡ್ಡಿರೆಕ್ಕೆ ಸರಿ. ಎಲ್ಲವನ್ನೂ ಕನ್ನಡಿಸುವ ಮಾತು ಸರಿಯಲ್ಲ. ಇದರೊಳಗಿನ ಎರಡು ಗುಂಪುಗಳನ್ನೇ ನೋಡಿ: ಹೋಲೋಸ್ಟಿಯೈ ಎಂದರೆ ಇಡೀ ಎಲುಬು, ಟೀಲಿಯೋಸ್ಟಿಯೈ ಎಂದರೆ ಸಂಪೂರ್ಣ ಎಲುಬು. ಎರಡಕ್ಕೂ ‘ಪೂರ್ಣಾಸ್ಥಿ’ ಎನ್ನುತ್ತೀರಾ? ಮೊದಲನೆಯದರಲ್ಲಿ ಇಂದು ಉಳಿದಿರುವುದು ಗಾರ್ ಮತ್ತು ಬೋಫಿನ್ ಎಂಬ ಮೀನುಗಳು ಮಾತ್ರ, ಎರಡನೆಯದು ಈಗಿನ ಮೀನುಗಳ ಬಹುಪಾಲು. ಹೋಲೋಸ್ಟಿಯೈ ಒಂದೇ ಮೂಲದ್ದಲ್ಲವೆಂದು ಆ ಹೆಸರನ್ನೇ ಹಲವರು ಕೈಬಿಟ್ಟಿದ್ದರು. 2010ರಲ್ಲಿ ಗಾರ್‌ಗಳ ಎಲುಬುಗೂಡಿನ ವಿಸ್ತಾರವಾದ ಅಧ್ಯಯನ ಬಂದಮೇಲೆ ಅದು ಮರಳಿತು. ಗುಂಪುಗಳೇ ಹೀಗೆ ಒಡೆದು ಕೂಡುವಾಗ ಅರ್ಥ ಹಿಡಿದು ಹೆಸರಿಡುವುದು ದುಡುಕು.

ಪೇಲಿಯೊನಿಸ್ಕಾಯ್ಡ್‌ಗೆ ‘ಕುಟುಂಬ’ ತಪ್ಪು. ದಪ್ಪ ಗ್ಯಾನಾಯ್ಡ್ (ಮೇಲೆ ಹೊಳೆಯುವ ಗಟ್ಟಿ ಪದರವಿರುವ) ಹುರುಪೆ, ಮೇಲ್ಭಾಗ ಉದ್ದವಾದ ಬಾಲ ಕಂಡಲ್ಲೆಲ್ಲ ಹಳಬರು ಈ ಚೀಟಿ ಅಂಟಿಸಿದರು. ಅವು ಪೂರ್ವಜರಿಂದ ಬಂದ ಹಳೆಯ ಲಕ್ಷಣಗಳು, ಹತ್ತಿರದ ನಂಟಿಗೆ ಸಾಕ್ಷಿಯಲ್ಲ. ಆ ರಾಶಿಯಲ್ಲಿ ಕೆಲವು ಇಂದಿನ ಕಡ್ಡಿರೆಕ್ಕೆಯವೆಲ್ಲ ಕವಲೊಡೆಯುವ ಮೊದಲೇ ಬೇರೆಯಾದವು, ಕೆಲವು ಒಳಗಿನ ಕೊಂಬೆಗಳಿಗೆ ಸೇರಿದವು. ಹೊರನೋಟ ನಂಬಬಾರದೆನ್ನಲು ಫುಕಾಂಗಿಕ್ತಿಸ್ ಒಂದೇ ಸಾಕು. ಟ್ರಯಾಸಿಕ್ ಕಾಲದ (ಸುಮಾರು 25ರಿಂದ 20 ಕೋಟಿ ವರ್ಷಗಳ ಹಿಂದಿನ) ಆ ಮೀನಿನ ತಲೆಬುರುಡೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿ 2017ರಲ್ಲಿ ಪ್ರಕಟಿಸಿದಾಗ, ಅದರ ನಂಟು ಇಂದೂ ಆಫ್ರಿಕಾದಲ್ಲಿರುವ ಪಾಲಿಪ್ಟೆರಸ್ ಮೀನಿನ ಜೊತೆಗೆಂದು ತೋರಿತು. ‘ಪೇಲಿಯೊನಿಸ್ಕಾಯ್ಡ್ ಬಗೆಯ ಮೀನು’ ಎಂದು ಬರೆಯಿರಿ. ‘ವಂಶ’, ‘ಕುಲ’ ಯಾವುದೂ ಬೇಡ.

> ಉತ್ತರ
ಹಾಗಾದರೆ ನಮ್ಮ ಭಾಷೆಗೆ ಬರೀ ‘ಬಗೆ’ಯ ಕೂಲಿ, ಹೆಸರಿಡುವ ಹಕ್ಕು ಗ್ರೀಕಿಗೆ!

> ಉತ್ತರ
ಹಕ್ಕಿನ ಪ್ರಶ್ನೆಯಲ್ಲ. ಎರಡು ಗುಂಪಿಗೆ ಒಂದೇ ಹೆಸರು ಬೀಳಬಾರದು, ಅಷ್ಟೆ.

> ಉತ್ತರ
ಧನ್ಯವಾದ. ‘ಕಡ್ಡಿರೆಕ್ಕೆ ಮೀನು’, ‘ಪೇಲಿಯೊನಿಸ್ಕಾಯ್ಡ್ ಬಗೆಯ ಮೀನು’ ಎರಡನ್ನೂ ಹಾಕಿದೆ. ಹೋಲೋಸ್ಟಿಯೈ ಹಾಗೆಯೇ ಇರುತ್ತದೆ, ಕೆಳಗೆ ಗಾರ್ ಚಿತ್ರ ಕೊಡುತ್ತೇನೆ.