ಟೆಕ್ನೋ-ಥ್ರಿಲ್ಲರ್‌ಗೆ ಕನ್ನಡ ಪದ ಬೇಕಾ? ಮತ್ತೆ 'ರೋಜರ್', 'ಬೋಗಿ', 'ಬಿಂಗೋ' ಇವಕ್ಕೆ?

ಎಲ್ಲರಿಗೂ ನಮಸ್ಕಾರ,

ಯುದ್ಧವಿಮಾನಗಳ ಸುತ್ತ ಹೆಣೆದಿರೋ ಇಂಗ್ಲಿಷ್ ಥ್ರಿಲ್ಲರ್‌ಗಳ ಬಗ್ಗೆ ಒಂದು ಲೇಖನ ಬರೀತಿದೀನಿ, ಜೊತೆಗೆ ಆ ಥರದ ಒಂದೆರಡು ಕಾಕ್‌ಪಿಟ್ ಸನ್ನಿವೇಶಾನ ಕನ್ನಡದಲ್ಲಿ ಹೇಳಿ ನೋಡೋಣ ಅಂತ ಕೂತಿದೀನಿ. ಕ್ಷಿಪಣಿ, ವಾಯುಪಡೆ, ಜಲಾಂತರ್ಗಾಮಿ ಇಂಥವೆಲ್ಲ ಪೇಪರ್ ದಯೆಯಿಂದ ಸಲೀಸಾಗಿ ಬಂದ್ಬಿಡುತ್ತೆ, ತಲೆ ಕೆಡಿಸ್ತಿರೋದು ಪೈಲಟ್‌ಗಳು ರೇಡಿಯೋದಲ್ಲಿ ಆಡೋ ಒಂದೊಂದೇ ಮಾತು. ನಿಮ್ಮ ಸಲಹೆ ಬೇಕು.

ಮೊದಲು ಈ ಪ್ರಕಾರದ ಹೆಸರೇ ತಗೊಳ್ಳಿ. 'ತಂತ್ರಜ್ಞಾನಾಧಾರಿತ ರೋಮಾಂಚಕ ಕಾದಂಬರಿ' ಅಂತ ಮುಖಪುಟದ ಮೇಲೆ ಹಾಕಿದ್ರೆ ಓದೋರು ಅಲ್ಲಿಂದ್ಲೇ ಕೈಮುಗೀತಾರೆ. 'ವೈಜ್ಞಾನಿಕ ಕಾದಂಬರಿ' ಅನ್ನೋಕಾಗಲ್ಲ, ಯಾಕಂದ್ರೆ ಇಲ್ಲಿ ಬರೋ ಯಂತ್ರಗಳು ಮುಕ್ಕಾಲು ಪಾಲು ಇವತ್ತೇ ಇರೋವು, ಉಳಿದದ್ದು ನಾಳೆ ಬರಬಹುದಾದವು. 'ಪತ್ತೇದಾರಿ'ನೂ ಅಲ್ಲ, ಯಾರು ಮಾಡಿದ್ದು ಅನ್ನೋದು ಹೆಚ್ಚುಕಮ್ಮಿ ಮೊದಲೇ ಗೊತ್ತಿರುತ್ತೆ, ಯಂತ್ರ ಕೈಕೊಡುತ್ತಾ ಕೆಲಸ ಮಾಡುತ್ತಾ ಅನ್ನೋದೇ ಕುತೂಹಲ. ನನ್ನ ಓಟು ಟೆಕ್ನೋ-ಥ್ರಿಲ್ಲರ್ ಅಂತ್ಲೇ ಉಳಿಸ್ಕೊಳ್ಳೋಕೆ. ಇದಕ್ಕಿಂತ ಚಿಕ್ಕದಾಗಿ ಯಾರಾದ್ರೂ ಕಟ್ಟಿದ್ರೆ ಹೇಳಿ, ಜಗಳ ಇಲ್ಲ.

ಈಗ ಅಸಲು ವಿಷಯ. ಈ ಕಾದಂಬರಿಗಳು ಜನರನ್ನ ಯಾಕೆ ಹಿಡಿದಿಡುತ್ತೆ ಅಂತ ಯೋಚಿಸ್ದಾಗ ನನಗನ್ಸೋದು, ಅವು ಓದುಗನಿಗೆ ಪಾಠ ಮಾಡಲ್ಲ, ಸೀದಾ ಕಾಕ್‌ಪಿಟ್‌ನಲ್ಲಿ ಕೂರಿಸಿ ಬಾಗಿಲು ಹಾಕ್ಬಿಡುತ್ತೆ. ಮೊದಲ ಐವತ್ತು ಪುಟ ಅರ್ಧಕ್ಕರ್ಧ ಮಾತು ಅರ್ಥ ಆಗಲ್ಲ, ನೂರನೇ ಪುಟಕ್ಕೆ ಬರೋ ಹೊತ್ತಿಗೆ ಪೈಲಟ್ 'ಬಿಂಗೋ' ಅಂದ ತಕ್ಷಣ ಅಯ್ಯೋ ಇಂಧನ ಮುಗೀತಾ ಬಂತಲ್ಲಪ್ಪಾ ಅಂತ ನಮ್ಮೆದೆ ಹೊಡ್ಕೊಳ್ಳುತ್ತೆ. ಯಾರೂ ಹೇಳಿಕೊಡದೆ ಕಲಿತ ಭಾಷೆ ಅದು, ನಾನೂ ಒಳಗಿನವನು ಅನ್ನೋ ಹಮ್ಮು ಬರುತ್ತೆ. ಇನ್ನೊಂದು ಸೆಳೆತ ಅಂದ್ರೆ ಇದೆಲ್ಲ ನಿಜ ಅನ್ನೋ ನಂಬಿಕೆ. ಇಂಥ ಕಾದಂಬರಿ ಬರೆದೋರಲ್ಲಿ ಡೇಲ್ ಬ್ರೌನ್ ಬಿ-52 ಬಾಂಬರ್‌ನಲ್ಲಿ ನ್ಯಾವಿಗೇಟರ್ ಆಗಿದ್ದೋರು, ಸ್ಟೀಫನ್ ಕೂಂಟ್ಸ್ ವಿಯೆಟ್ನಾಂ ಯುದ್ಧದಲ್ಲಿ ಎ-6 ಇಂಟ್ರೂಡರ್ ಅನ್ನೋ ದಾಳಿ ವಿಮಾನ ಹಾರಿಸಿದೋರು. ತಮಾಷೆ ಏನಂದ್ರೆ 1984ರಲ್ಲಿ ಒಂದು ಜಲಾಂತರ್ಗಾಮಿ ಕತೆ ಬರೆದು ಈ ಪ್ರಕಾರಕ್ಕೆ ಇಷ್ಟು ದೊಡ್ಡ ಮಾರುಕಟ್ಟೆ ತೆರೆದ ಟಾಮ್ ಕ್ಲಾನ್ಸಿ ಸೇನೆಯಲ್ಲೇ ಇರಲಿಲ್ಲ, ಇನ್ಶೂರೆನ್ಸ್ ಮಾಡಿಸ್ತಿದ್ದ ಮನುಷ್ಯ, ಯಾರಿಗಾದ್ರೂ ಸಿಗೋ ಪುಸ್ತಕ ಪತ್ರಿಕೆ ಓದಿಕೊಂಡೇ ಬರೆದದ್ದು. ಪಾತ್ರಗಳು ಬಹಳ ಸಲ ರಟ್ಟಿನವು, ಅದರಲ್ಲೂ ಎದುರು ಪಕ್ಷದೋರು ಮತ್ತೆ ಹೆಂಗಸರು, ಅದನ್ನ ನಾನು ಸಮರ್ಥಿಸ್ಕೊಳ್ಳಲ್ಲ.

ಅರ್ಥ ಆಗದ ಆಯುಧದ ಹೆಸರು ಖುಷಿ ಕೊಡೋದು ನಮಗೆ ಹೊಸದೇನೂ ಅಲ್ಲ. ಹಳೆ ಕಾವ್ಯಗಳ ಯುದ್ಧದಲ್ಲಿ ಪರಶು ತೋಮರ ಭಿಂಡಿವಾಳ ಮುದ್ಗರ ಅಂತ ಬರ್ತಾ ಇದ್ರೆ ಭಿಂಡಿವಾಳ ಹೇಗಿರುತ್ತೆ ಅಂತ ಕೇಳೋರಲ್ಲಿ ಎಷ್ಟು ಜನಕ್ಕೆ ಗೊತ್ತು? ಗಮಕಿ ಹಾಡ್ತಾ ಹೋಗ್ತಾರೆ, ಸಭೆ ತಲೆದೂಗುತ್ತೆ, ಅಡಿಟಿಪ್ಪಣಿ ಯಾರೂ ಕೇಳಲ್ಲ. ಹಾಗಾಗಿ ಪ್ರತಿ ಪದಕ್ಕೂ ಸಂಸ್ಕೃತದಿಂದ ಒಂದು ಸಮಾಸ ಕಟ್ಟಿ ಕೂರಿಸೋದು ನನಗೆ ಒಪ್ಪಿಗೆ ಇಲ್ಲ. ಆಫ್ಟರ್‌ಬರ್ನರ್‌ಗೆ (ಜೆಟ್ ಎಂಜಿನ್ನಿನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಉರಿಸಿ ವೇಗ ಹೆಚ್ಚಿಸೋ ಭಾಗ) 'ಪಶ್ಚಾತ್ ದಹನಕ' ಅಂತೇನೋ ಮಾಡಬಹುದು, ಆದ್ರೆ ಪೈಲಟ್ ಆ ಪದ ಹೇಳಿ ಮುಗಿಸೋ ಹೊತ್ತಿಗೆ ವಿಮಾನ ಮೂರು ಮೈಲಿ ಮುಂದೆ ಹೋಗಿರುತ್ತೆ. ಹಾಗಂತ ಎಲ್ಲಾನೂ ಇಂಗ್ಲಿಷಲ್ಲೇ ಬಿಟ್ರೆ ಕನ್ನಡದಲ್ಲಿ ಬರೆಯೋ ದರ್ದಾದ್ರೂ ಏನು.

ಕೆಲವು ಕಡೆ ಕನ್ನಡ ಇಂಗ್ಲಿಷಿಗಿಂತ ಮುಂದಿದೆ ಅನ್ನೋದು ನೋಡಿ ಖುಷಿಯಾಯ್ತು. ಹಿಂದಿನ ದಿಕ್ಕಿಗೆ ಅವರು ಗಡಿಯಾರದ ಲೆಕ್ಕದಲ್ಲಿ 'ಸಿಕ್ಸ್' ಅಂತಾರೆ. ನಮ್ಮಲ್ಲಿ ಬೆನ್ನು ಇದೆಯಲ್ಲ! 'ಬೆನ್ನಿಗೆ ಬಿದ್ದಿದಾನೆ', 'ಬೆನ್ನು ನೋಡ್ಕೋ' ಅಂದ್ರೆ ಮುಗೀತು. ಹಾಗೇ ಬಿರುಸಾಗಿ ತಿರುಗಿದಾಗ ಪೈಲಟ್‌ಗೆ ಆಗೋದು. 9 ಜಿ ಅಂದ್ರೆ 70 ಕೆಜಿ ಮನುಷ್ಯ 630 ಕೆಜಿ ತೂಗಿದ ಹಾಗೆ, ರಕ್ತ ಕಾಲಿನ ಕಡೆ ಇಳಿಯುತ್ತೆ, ಮೊದಲು ಬಣ್ಣ ಮಾಸುತ್ತೆ, ಆಮೇಲೆ ನೋಟ ಸುತ್ತಲಿಂದ ಕಿರಿದಾಗ್ತಾ ಬಂದು ಪೂರ್ತಿ ಕಪ್ಪಾಗುತ್ತೆ, ಆದ್ರೆ ಇಷ್ಟಾದ್ರೂ ಇನ್ನೂ ಎಚ್ಚರ ಇರುತ್ತೆ, ಕಿವಿ ಕೇಳಿಸ್ತಿರುತ್ತೆ. ಅದಕ್ಕೂ ಮುಂದಿನದು ಎಚ್ಚರ ತಪ್ಪೋದು. ಇವೆರಡನ್ನೂ ಇಂಗ್ಲಿಷಿನ ಆಡುಮಾತಿನಲ್ಲಿ 'ಬ್ಲ್ಯಾಕೌಟ್' ಅಂತ ಒಂದೇ ಪದಕ್ಕೆ ಹಾಕ್ಬಿಡ್ತಾರೆ, ನಮ್ಮಲ್ಲಿ 'ಕಣ್ಣು ಕತ್ತಲೆ ಬಂತು' ಬೇರೆ, 'ಪ್ರಜ್ಞೆ ತಪ್ತು' ಬೇರೆ, ಅಜ್ಜಿಯಂದಿರಿಗೂ ಗೊತ್ತಿರೋ ವ್ಯತ್ಯಾಸ.

ಸೈಡ್‌ವಿಂಡರ್ ಥರದ ಶಾಖ ಹುಡುಕೋ ಕ್ಷಿಪಣಿ ಎದುರಿನ ಎಂಜಿನ್ನಿನ ಬಿಸಿ ಗುರುತಿಸಿದಾಗ ಪೈಲಟ್‌ನ ಕಿವಿಗೆ ಒಂದು ಸದ್ದು ಬರುತ್ತೆ. ಅದಕ್ಕೂ 'ಗುರ್ರ್' ಅಂತ ಬರೆದ್ರೆ ಸಾಕು, ಅನುಕರಣ ಶಬ್ದಕ್ಕೆ ನಮ್ಮಲ್ಲಿ ಬರ ಇಲ್ಲ. ರಾಡಾರ್ ಲಾಕ್ ಆಗೋದಕ್ಕೆ 'ಕಚ್ಕೊಂಡಿದೆ' ಅಂತ ಹಾಕಿದೀನಿ, 'ಗುರಿ ನಿಗದಿಯಾಗಿದೆ' ಅನ್ನೋದು ಸರ್ಕಾರಿ ಸುತ್ತೋಲೆ ಥರ ಕೇಳ್ತಿತ್ತು. ಇಜೆಕ್ಟ್‌ಗೆ 'ಜಿಗಿದ' ಅಂತ ಬರೆಯೋರಿದಾರೆ, ಅವನೇನು ಜಿಗಿಯಲ್ಲ, ಸೀಟಿನಡಿ ಇರೋ ರಾಕೆಟ್ಟು ಅವನನ್ನ ಸೀಟು ಸಮೇತ ಎಸೆಯುತ್ತೆ, ಅದಕ್ಕೇ 'ಚಿಮ್ಮಿದ' ವಾಸಿ ಅನ್ಸುತ್ತೆ.

ಇನ್ನು ಸಿಕ್ಕಿಹಾಕ್ಕೊಂಡಿರೋವು. 'ರೋಜರ್' ಅಂದ್ರೆ 'ನೀ ಹೇಳಿದ್ದು ಪೂರ್ತಿ ಕೇಳಿಸ್ತು' ಅಂತ ಮಾತ್ರ, ಮಾಡ್ತೀನಿ ಅನ್ನೋದಕ್ಕೆ 'ವಿಲ್ಕೋ' ಅಂತ ಬೇರೆ ಇದೆ. ಡಬ್ಬಿಂಗ್‌ನಲ್ಲೆಲ್ಲ ಎರಡಕ್ಕೂ 'ಆಯ್ತು' ಅಂತ್ಲೇ ಬರೋದು. ಆದ್ರೆ ನಮ್ಮ 'ಆಯ್ತು' ಮಾತು ಕೊಟ್ಟ ಹಾಗೆ, ಕತೆಯಲ್ಲಿ ಪೈಲಟ್ ಬೇಕಂತ್ಲೇ ರೋಜರ್ ಅಂದು ಸುಮ್ಮನಾದ್ರೆ, ಅಂದ್ರೆ ಆದೇಶ ಕೇಳಿಸ್ಕೊಂಡೂ ಪಾಲಿಸೋ ಮನಸ್ಸಿಲ್ಲದಿದ್ರೆ, ಆ ಸೂಕ್ಷ್ಮ ಪೂರ್ತಿ ಹೋಗ್ಬಿಡುತ್ತೆ. ನಾನು ರೋಜರ್‌ಗೆ 'ಹೂಂ', ವಿಲ್ಕೋಗೆ 'ಆಯ್ತು' ಅಂತ ಮಾಡಿ ನೋಡ್ದೆ. ಕತೆ ಕೇಳೋ ಮಗು ಹೂಂಗುಟ್ಟೋದೂ ಕೇಳಿಸ್ತಿದೆ ಅನ್ನೋದಕ್ಕೇ ತಾನೆ. ಅರ್ಥ ಸರಿ ಕೂರುತ್ತೆ, ಆದ್ರೆ ಸ್ಕ್ವಾಡ್ರನ್ ಲೀಡರ್ ಹೂಂ ಅನ್ನೋದು ನಗು ಬರಿಸುತ್ತೇನೋ ಅಂತ ಅಳುಕು.

'ಬೋಗಿ' ಇನ್ನೂ ಪಜೀತಿ. ಗುರುತು ಸಿಗದ ವಿಮಾನಕ್ಕೆ ಬೋಗಿ, ಶತ್ರುವೇ ಅಂತ ಖಚಿತವಾದ್ರೆ ಬ್ಯಾಂಡಿಟ್. 'ಎರಡು ಬೋಗಿ, ಮೂವತ್ತು ಮೈಲಿ' ಅಂತ ಕನ್ನಡ ಲಿಪಿಯಲ್ಲಿ ಓದಿದ ಕೂಡ್ಲೇ ಕಣ್ಮುಂದೆ ರೈಲು ಬರುತ್ತೆ. ಬ್ಯಾಂಡಿಟ್‌ಗೆ 'ವೈರಿ' ಸಾಕು. ಬೋಗಿಗೆ 'ಅಪರಿಚಿತ' ಉದ್ದ ಆಯ್ತು, 'ಯಾರೋ' ಅಂದ್ರೆ ಹೇಗೆ? 'ಇಬ್ರು ಯಾರೋ, ಮೂವತ್ತು ಮೈಲಿ, ಎದುರಿಗೇ ಬರ್ತಿದಾರೆ.' ನನಗೆ ಪರವಾಗಿಲ್ಲ ಅನ್ಸುತ್ತೆ. ಬಿಂಗೋಗೆ 'ವಾಪಸಿ' ಅಂತ ಹೊಳೆದಿದೆ, ಮನೆ ಮುಟ್ಟೋಕಾಗುವಷ್ಟೇ ಇಂಧನ ಉಳಿದಿದೆ ಅನ್ನೋ ಅರ್ಥದಲ್ಲಿ. ಶಾಖ ಹುಡುಕೋ ಕ್ಷಿಪಣಿ ಬಿಟ್ಟೆ ಅಂತ ಪೈಲಟ್ ಹೇಳೋ 'ಫಾಕ್ಸ್ ಟೂ' ಮಾತ್ರ ಮುಟ್ಟಲ್ಲ, ಅದನ್ನ 'ನರಿ ಎರಡು' ಮಾಡಿದ್ರೆ ನೀವೇ ನನ್ನನ್ನ ಓಡಿಸ್ತೀರಿ.

ಕೊನೇದು ಸ್ಟೆಲ್ತ್, ಅಂದ್ರೆ ವಿಮಾನ ರಾಡಾರ್‌ಗೆ ಸುಲಭವಾಗಿ ಸಿಗದ ಹಾಗೆ ಮಾಡೋದು. ಈ ಕಾದಂಬರಿಗಳ ಅರ್ಧ ಆಕರ್ಷಣೆ ಗುಟ್ಟಿನ ವಿಮಾನದ್ದೇ. ಅಮೆರಿಕದ ಫೈಟರ್‌ಗಳ ಸಂಖ್ಯೆ ಎಫ್-18 ಆದ್ಮೇಲೆ ಎಫ್-20ಕ್ಕೆ ಹಾರ್ತು, ಹತ್ತೊಂಬತ್ತು ಎಲ್ಲಿ ಹೋಯ್ತು ಅಂತ ಊಹಾಪೋಹ ಎದ್ದು, 1986ರ ಕ್ಲಾನ್ಸಿ ಕಾದಂಬರಿಯಲ್ಲಿ ರಾಡಾರ್‌ಗೆ ಸಿಗದ ಎಫ್-19 ಬಂದೇಬಿಡ್ತು. 1988ರಲ್ಲಿ ಸರ್ಕಾರ ಬಾಯಿಬಿಟ್ಟಾಗ ನೋಡಿದ್ರೆ ಹೆಸರು ಎಫ್-117, ಜನ ಊಹಿಸಿದ್ದ ನುಣುಪು ಮೈ ಎಲ್ಲೂ ಇಲ್ಲ, ಬರೀ ಚಪ್ಪಟೆ ಹಲಗೆ ಜೋಡಿಸಿದ ಹಾಗಿರೋ ಮೂಲೆಮೂಲೆ ಆಕಾರ. ಇದಕ್ಕೆ 'ಅದೃಶ್ಯ ವಿಮಾನ' ಅನ್ನೋದು ಶುದ್ಧ ತಪ್ಪು, ಕಣ್ಣಿಗೆ ಚೆನ್ನಾಗೇ ಕಾಣುತ್ತೆ, ಅದಕ್ಕೇ ಅಲ್ವಾ ಕಪ್ಪು ಬಣ್ಣ ಬಳಿದು ರಾತ್ರಿ ಹೊತ್ತು ಕಳಿಸ್ತಿದ್ದಿದ್ದು. 'ಕಳ್ಳವಿಮಾನ' ಅಂದ್ರೆ ಕದ್ದ ವಿಮಾನ ಅಂತಾಗುತ್ತೆ, ಅದಕ್ಕೆ ಬೇರೆಯೇ ಕತೆ ಇದೆ: 1976ರಲ್ಲಿ ಬೆಲೆಂಕೋ ಅನ್ನೋ ಸೋವಿಯತ್ ಪೈಲಟ್ ಮಿಗ್-25 ಹಾರಿಸ್ಕೊಂಡು ಬಂದು ಜಪಾನಿನ ಹಕೋದಾತೆಯಲ್ಲಿ ಇಳಿಸಿದ, ಮರುವರ್ಷವೇ ಕ್ರೇಗ್ ಥಾಮಸ್ ಬರೆದ ಕಾದಂಬರಿಯಲ್ಲಿ ಸೋವಿಯತ್ ಫೈಟರ್ ಒಂದನ್ನ ನಿಜಕ್ಕೂ ಕದಿಯೋದೇ ಕತೆ. ಎರಡೂ ಒಂದೇ ಲೇಖನದಲ್ಲಿ ಬರೋದ್ರಿಂದ ಗೊಂದಲ ಆಗದ ಪದ ಬೇಕು. 'ಮರೆಹಾರಿ' ಅಂತ ಒಂದು ಕಟ್ಟಿದೀನಿ, ಕಿವಿಗೆ ಹೇಗಿದೆ ಹೇಳಿ, ಇಲ್ಲಾಂದ್ರೆ ಸ್ಟೆಲ್ತ್ ಅಂತ್ಲೇ ಬಿಟ್ಬಿಡ್ತೀನಿ.