ತುರ್ತು: ‘ನಾಸ್ಟಾಲ್ಜಿಯಾ’, ‘ಟೈಪ್-ಇನ್’, ‘ಕವರ್ ಸಿಡಿ’ – ಬೋರ್ಡಿಗೆ ಪದ ಬೇಕು

ಮೈಸೂರಿನಿಂದ:

ಗುಂಪಿನ ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು, ಅದಕ್ಕೇ ಈ ಅವಸರ.

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಹಳೆ ಕಂಪ್ಯೂಟರ್ ಮತ್ತು ವಿಡಿಯೊ ಗೇಮ್ ಪತ್ರಿಕೆಗಳ ಸಣ್ಣ ಪ್ರದರ್ಶನ ಇಡುತ್ತಿದ್ದೇವೆ. ನಮ್ಮ ಸೋದರಮಾವ ಅಟ್ಟದ ಮೇಲೆ ಕೂಡಿಟ್ಟಿದ್ದ ರಾಶಿ ಅದು. ಬೈಟ್ ಇದೆ, ಆಕಾರ್ನ್ ಯೂಸರ್ ಇದೆ, ಪಿಸಿಕ್ವೆಸ್ಟ್ ಇದೆ. ಚಿಪ್ ಇದೆ, ಅದೇ ಮುಂದೆ ಡಿಜಿಟ್ ಆದದ್ದೂ ಇದೆ. ಇಂಗ್ಲಿಷ್ ಬೋರ್ಡು ರೆಡಿ. ಕನ್ನಡದ್ದರಲ್ಲಿ ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ತಲೆಬರಹದಲ್ಲಿ ‘ನಾಸ್ಟಾಲ್ಜಿಯಾ’ ಇದೆ, ಅಂದರೆ ಹಳೆ ಕಾಲದ ಹಂಬಲ. ‘ಹಳಹಳಿಕೆ’ ಹಾಕಬಹುದಾ? ಆಮೇಲೆ ‘ಟೈಪ್-ಇನ್ ಲಿಸ್ಟಿಂಗ್’. ಆಗ ಪತ್ರಿಕೆಯಲ್ಲಿ ಆಟದ ಪ್ರೋಗ್ರಾಂ ಅಷ್ಟನ್ನೂ ಅಚ್ಚು ಹಾಕುತ್ತಿದ್ದರು. ಓದುಗರು ಅದನ್ನು ನೋಡಿಕೊಂಡು ಸಾಲು ಸಾಲಾಗಿ ಟೈಪ್ ಮಾಡಿ ಆಡಬೇಕಿತ್ತು. ಅದಕ್ಕೊಂದು ಹೆಸರು ಬೇಕು. ಇನ್ನೊಂದು ‘ಕವರ್ ಸಿಡಿ’, ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿ. ಸದ್ಯಕ್ಕೆ ‘ಮುಖಪುಟ ಸಿಡಿ’ ಅಂತ ಬರೆದುಕೊಂಡಿದ್ದೇನೆ. ನೋಡಲು ಬರುವವರು ಹೆಚ್ಚಾಗಿ ಹೈಸ್ಕೂಲು ಮಕ್ಕಳು.

ಧಾರವಾಡದಿಂದ:

‘ಮುಖಪುಟ ಸಿಡಿ’ ಬೇಡ. ಒಂದು ಕಡೆ ಸಂಸ್ಕೃತ, ಇನ್ನೊಂದು ಕಡೆ ಇಂಗ್ಲಿಷು. ಅರಿಸಮಾಸಕ್ಕೂ ಒಂದು ಮಿತಿ ಇದೆ. ಅಲ್ಲದೆ ಕನ್ನಡದಲ್ಲಿ ‘ಸಿಡಿ’ ಅಂದರೆ ಸಿಡಿಯುವುದು. ಮುಖಪುಟವೇ ಸಿಡಿಯಲಿ ಎಂದು ಶಾಪ ಹಾಕಿದ ಹಾಗಿದೆ.

‘ಹಳಹಳಿಕೆ’ ಹಾಕಿ. ಅಚ್ಚಗನ್ನಡ. ‘ಹಳೆ’ಯಿಂದ ಬಂದದ್ದು. ಇದರಲ್ಲಿ ಚರ್ಚೆ ಮಾಡುವುದು ಏನೂ ಇಲ್ಲ.

ಶಿವಮೊಗ್ಗದಿಂದ:

ಇದೆ ಸರ್. ‘ಹಳೆ’ಯ ಹಿಂದಿನ ರೂಪ ‘ಪೞೆಯ’, ಅಲ್ಲಿರುವುದು ಳಕಾರ ಅಲ್ಲ, ಹಳಗನ್ನಡದ ೞಕಾರ. ‘ಹಳಹಳಿ’ ನನ್ನ ಕಿವಿಗೆ ಕಳವಳ, ತಳಮಳ, ವಿಲವಿಲದ ಸಾಲಿನ ಮಾತು. ಮನಸ್ಸು ಚಡಪಡಿಸುವ ಸದ್ದು ಅದು. ಕೇಳಲು ಒಂದೇ ಥರ ಇದೆ ಅಂತ ಹುಟ್ಟೂ ಒಂದೇ ಅಂದುಬಿಟ್ಟರೆ ‘ಹಳದಿ’ಯನ್ನೂ ಹಳೆಯದರಿಂದಲೇ ತರಬೇಕಾದೀತು.

ಹುಟ್ಟಿನ ಮಾತು ಹಾಗಿರಲಿ. ನನ್ನ ತಕರಾರು ಬೇರೆ. ಇವತ್ತು ‘ಹಳಹಳಿಕೆ’ ಅರ್ಧ ಬೈಗುಳ ಆಗಿದೆ. ವಿಮರ್ಶೆ ಬರೆಯುವವರು ‘ಇದು ಬರೀ ಹಳಹಳಿಕೆ’ ಅಂದರೆ ಕವಿತೆ ಕೆಲಸಕ್ಕೆ ಬಾರದ್ದು ಅಂತಲೇ ಅರ್ಥ. ಪ್ರೀತಿಯಿಂದ ಮಾಡುವ ಪ್ರದರ್ಶನಕ್ಕೆ ನೀವೇ ಆ ಚೀಟಿ ಅಂಟಿಸಬೇಕಾ?

‘ಮೆಲುಕು’ ನೋಡಿ. ನೆನಪನ್ನು ಮೆಲುಕು ಹಾಕುವುದು ಎಲ್ಲರಿಗೂ ಗೊತ್ತಿರುವ ಮಾತು.

ಧಾರವಾಡದಿಂದ:

ಮೆಲುಕು ಹಾಕುವುದು ಎಮ್ಮೆ. ಅದರಲ್ಲಿ ನೋವು ಎಲ್ಲಿದೆ? ಮೂಲದ ಗ್ರೀಕ್ ಪದದಲ್ಲಿ ನೋವು ಇದೆ.

ಶಿವಮೊಗ್ಗದಿಂದ:

ಮೂಲ ಗ್ರೀಕರದ್ದಲ್ಲ ಸರ್. 1688ರಲ್ಲಿ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧಕ್ಕೆಂದು ಎರಡು ಗ್ರೀಕ್ ಪದ ಅಂಟಿಸಿ ಮಾಡಿಕೊಂಡದ್ದು ಅದು. ನೋಸ್ಟೋಸ್ ಅಂದರೆ ಮನೆಗೆ ಮರಳುವುದು, ಆಲ್ಗೋಸ್ ಅಂದರೆ ನೋವು. ಪರದೇಶದಲ್ಲಿ ಮನೆ ನೆನೆದು ಕೊರಗುವ ಸ್ವಿಸ್ ಜನರ ಕಾಯಿಲೆಗೆ ಇಟ್ಟ ಹೆಸರು. ಹಳೆ ಕಾಲದ ಹಂಬಲ ಎಂಬ ಅರ್ಥ ಆಮೇಲೆ ಬಂದದ್ದು. ಅವರು ಬೇಕಾದಾಗ ಪದ ಕಟ್ಟಿಕೊಂಡರು, ಅರ್ಥವನ್ನೂ ಜಾರಿಸಿಕೊಂಡರು. ನಾವು ಮಾತ್ರ ಎಮ್ಮೆ ಹತ್ತಿರ ನಿಂತುಬಿಟ್ಟಿದ್ದೇವೆ.

ಬೆಂಗಳೂರಿನಿಂದ:

ಪದದ ಮಾತು ನೀವು ಆಡಿಕೊಳ್ಳಿ. ಟೈಪ್-ಇನ್ ಮಾಡಿದವನು ಈ ಗುಂಪಿನಲ್ಲಿ ನಾನೊಬ್ಬನೇ ಇರಬೇಕು, ಅದಕ್ಕೆ ಎರಡು ಮಾತು.

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅಂತ ಒಂದು ಯೋಜನೆ ಶುರು ಮಾಡಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಕೊಟ್ಟಿತ್ತು. ನಮ್ಮ ಶಾಲೆಗೂ ಬಂದಿತ್ತು. ಒಳಗೆ ಇದ್ದದ್ದು 32 ಕೆಬಿ ಮೆಮೊರಿ. ಆಟ ಬೇಕಿದ್ದರೆ ಮ್ಯಾಗಜೀನ್ ತಂದು ಟೈಪ್ ಮಾಡು. ಒಬ್ಬ ಓದಿ ಹೇಳುವುದು, ಇನ್ನೊಬ್ಬ ಕುಟ್ಟುವುದು. ಸೊನ್ನೆಯೋ ‘ಓ’ ಅಕ್ಷರವೋ ಅಂತ ಜಗಳ. ಕೊನೆಗೆ ರನ್ ಕೊಟ್ಟರೆ ತೆರೆಯ ಮೇಲೆ ಬರುವುದು: ‘ಮಿಸ್ಟೇಕ್’. ಆ ಕಂಪ್ಯೂಟರಿನ ಭಾಷೆ ಬಿಬಿಸಿ ಬೇಸಿಕ್ ನಿಜವಾಗಿ ಹಾಗೇ ಹೇಳುತ್ತಿತ್ತು, ಗಣಿತದ ಮೇಷ್ಟ್ರ ಹಾಗೆ.

ಅದಾದರೂ ಪರವಾಗಿಲ್ಲ, ಯಾವ ಸಾಲು ಅಂತ ಹೇಳುತ್ತಿತ್ತು. ನಿಜವಾದ ಗೋಳು ಡೇಟಾ ಸಾಲುಗಳದ್ದು. ಪುಟದ ತುಂಬ ಬರೀ ಅಂಕಿ. ಒಂದು ತಪ್ಪಿದರೆ ಯಂತ್ರ ಬೈಯುವುದೂ ಇಲ್ಲ, ಸುಮ್ನೆ ಕಲ್ಲಾಗಿ ಕೂತುಬಿಡುತ್ತದೆ. ಅಮೆರಿಕದಲ್ಲಿ ಕಮೊಡೋರ್ ಕಂಪ್ಯೂಟರ್ ಇದ್ದವರಿಗಾಗಿ ‘ಕಂಪ್ಯೂಟ್ಸ್ ಗೆಜೆಟ್’ ಪತ್ರಿಕೆ ಇದಕ್ಕೇ ಒಂದು ‘ಆಟೊಮ್ಯಾಟಿಕ್ ಪ್ರೂಫ್‌ರೀಡರ್’ ಕೊಡುತ್ತಿತ್ತು. ಒಂದೊಂದು ಸಾಲು ಮುಗಿದಾಗಲೂ ತೆರೆಯ ಮೇಲೆ ಒಂದು ಸಂಕೇತ ಬರುತ್ತದೆ, ಮ್ಯಾಗಜೀನಿನಲ್ಲಿ ಅಚ್ಚಾದದ್ದರ ಜೊತೆ ತಾಳೆ ನೋಡುವುದು. ತಮಾಷೆ ಏನೆಂದರೆ ಆ ಪ್ರೂಫ್‌ರೀಡರನ್ನೂ ಮೊದಲು ನೀವೇ ಟೈಪ್ ಮಾಡಬೇಕು.

ಸಿಡಿ ಕಾಲ ಬಂದ ಮೇಲೆ ಕೈಗೆ ಆರಾಮ. ಪಿಸಿಕ್ವೆಸ್ಟ್ 1996ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನೇ ಸಿಡಿಯಲ್ಲಿ ಕೊಟ್ಟಿತು. ನಮ್ಮಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದೇ 1995ರ ಆಗಸ್ಟ್ 15ಕ್ಕೆ. ಅದಾಗಿ ಕೆಲವು ವರ್ಷಕ್ಕೆ ಬಂದ 56 ಕೆಬಿಪಿಎಸ್ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ ಒಂದು 650 ಎಂಬಿ ಸಿಡಿ ಇಳಿಸಲು ಎಡೆಬಿಡದೆ 26 ಗಂಟೆ ಬೇಕು. ಅದು ಪೂರ್ತಿ ವೇಗದಲ್ಲಿ ಓಡಿದ್ದನ್ನು ನಾನಂತೂ ನೋಡಲಿಲ್ಲ. ಫೋನ್ ಬಿಲ್ ನೋಡಿ ಅಪ್ಪ ಸುಮ್ಮನಿರುತ್ತಿರಲೂ ಇಲ್ಲ. ಹಾಗಾಗಿ ಫುಟ್‌ಪಾತಿನಲ್ಲಿ ಹಳೆ ಮ್ಯಾಗಜೀನ್ ಕೊಳ್ಳುವಾಗ ಮೊದಲು ಸಿಡಿ ಇದೆಯಾ ಅಂತ ಒತ್ತಿ ನೋಡುತ್ತಿದ್ದೆ.

ನಾವು ಅದನ್ನು ಕರೆಯುತ್ತಿದ್ದದ್ದು ‘ಫ್ರೀ ಸಿಡಿ’ ಅಂತ. ‘ಕವರ್ ಸಿಡಿ’ ಅಂದವರನ್ನು ನಾನು ಕಂಡಿಲ್ಲ.

ಅಂದ ಹಾಗೆ, ಮೈಸೂರಿನವರೇ, ಬೈಟ್ ರಾಶಿಯಲ್ಲಿ 1981ರ ಆಗಸ್ಟ್ ಸಂಚಿಕೆ ಇದೆಯಾ? ಮುಖಪುಟದಲ್ಲಿ ರಾಬರ್ಟ್ ಟಿನ್ನಿ ಬರೆದ ಬಣ್ಣದ ಬಲೂನು ಇರುತ್ತದೆ, ಸ್ಮಾಲ್‌ಟಾಕ್ ಎಂಬ ಭಾಷೆಗೆ ಮೀಸಲಾದ ಸಂಚಿಕೆ. ಇದ್ದರೆ ಅದನ್ನೇ ಮುಂದೆ ಇಡಿ.

ಧಾರವಾಡದಿಂದ:

ಆಟದ ಕಥೆ ಆಯಿತು. ಬೆಂಗಳೂರಿನವರು ಉದ್ದಕ್ಕೂ ‘ಮ್ಯಾಗಜೀನ್’ ಬರೆದಿದ್ದಾರೆ. ‘ಪತ್ರಿಕೆ’ ಅನ್ನಲು ಏನು ಕಷ್ಟ? ಮನೆಯಲ್ಲಿ ಪದಗಳ ಖಜಾನೆ ತುಂಬಿರುವಾಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದು ಯಾಕೆ?

ಟೈಪ್-ಇನ್‌ಗೆ ‘ಬೆರಳಚ್ಚು ಆಟ’. ಮುಗಿಯಿತು.

ಪುತ್ತೂರಿನಿಂದ:

ಧಾರವಾಡದ ಸರ್, ತಾವು ಹಿರಿಯರು, ಆದರೂ ಹೇಳದೆ ಇರಲಾರೆ. ‘ಬೆರಳಚ್ಚು ಆಟ’ ಅಂದರೆ ಈಗಿನ ಮಕ್ಕಳು ಪೊಲೀಸ್ ಸ್ಟೇಷನ್ ಅಂದುಕೊಳ್ಳುತ್ತಾರೆ. ಬೆರಳಚ್ಚುಗಾರ ಎಂಬ ಕೆಲಸ ಕಚೇರಿಗಳಲ್ಲಿ ಕಾಣದಾದ ಮೇಲೆ ಆ ಪದ ಪೂರ್ತಿ ಕಳ್ಳರ ಪಾಲಾಗಿದೆ.

ಇನ್ನು ಖಜಾನೆ. ಅರಬ್ಬಿಯ ‘ಖಿಜಾನ’ ಪಾರಸಿಯ ದಾರಿ ಹಿಡಿದು ನಮ್ಮಲ್ಲಿಗೆ ಬಂದು ‘ಖಜಾನೆ’ ಆಯಿತು. ಅದೇ ಧಾತುವಿನ ‘ಮಖ್ಜನ್’, ಅಂದರೆ ಉಗ್ರಾಣ, ಇಟಲಿ, ಫ್ರಾನ್ಸು ಸುತ್ತಿಕೊಂಡು ಇಂಗ್ಲೆಂಡಿಗೆ ಹೋಗಿ ‘ಮ್ಯಾಗಜೀನ್’ ಆಯಿತು. ಬಂದೂಕಿನ ಗುಂಡು ತುಂಬುವ ಡಬ್ಬಿಗೆ ಮ್ಯಾಗಜೀನ್ ಅನ್ನುವುದೂ ಅದೇ ಉಗ್ರಾಣದ ಅರ್ಥದಿಂದ. ಪತ್ರಿಕೆಗೆ ಆ ಹೆಸರು ಮೊದಲು ಅಂಟಿದ್ದು 1731ರಲ್ಲಿ, ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿಗೆ. ತಾವು ಹೊರಗೆ ತಳ್ಳಿದ್ದು, ಒಳಗೆ ಕೂರಿಸಿದ್ದು, ಎರಡೂ ಒಂದೇ ಬಸಿರಿನವು. ‘ಪತ್ರಿಕೆ’ಯೂ ಸಂಸ್ಕೃತ.

ಧಾರವಾಡದಿಂದ:

ಖಜಾನೆ ಬಂದು ಶತಮಾನಗಳಾದವು. ಜೀರ್ಣ ಆಗಿದೆ. ಹಸಿಯಾಗಿ ನುಂಗುವುದಕ್ಕೂ ಜೀರ್ಣ ಮಾಡಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನನ್ನು ಓದಿ.

ಬೆಂಗಳೂರಿನಿಂದ:

ಕೇಶಿರಾಜನ ಕಾಲದಲ್ಲಿ ಫ್ರೀ ಸಿಡಿ ಇದ್ದಿದ್ದರೆ ಅವನೂ ಒತ್ತಿ ನೋಡುತ್ತಿದ್ದ.

ಶಿವಮೊಗ್ಗದಿಂದ:

ಹೀಗೆ ಗೇಲಿ ಮಾಡುವುದು ತಪ್ಪು. ಧಾರವಾಡದ ಸರ್ ಹೇಳುವುದರಲ್ಲಿ ಸತ್ಯ ಇದೆ, ಹೇಳುವ ರೀತಿ ಮಾತ್ರ ಸರಿ ಇಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಹಾಗೇ ಬರೆದರೆ ಮುಂದೆ ಯಾರೂ ಪದ ಕಟ್ಟುವುದಿಲ್ಲ. ಆದರೆ ಕಂಪ್ಯೂಟರ್ ವಿಷಯದಲ್ಲಿ ನಾವು ‘ಗಣಕಯಂತ್ರ’ ಕಟ್ಟಿ ಸರ್ಕಾರಿ ಬೋರ್ಡಿಗೆ ಒಪ್ಪಿಸಿದೆವು, ಅಂಗಡಿಗೆ ಹೋಗಿ ಕಂಪ್ಯೂಟರ್ ಅಂದೆವು. ಕಟ್ಟಿದ ಪದ ಬಾಯಿಗೆ ಹತ್ತಬೇಕಾದರೆ ಮೊದಲು ಆ ವಸ್ತು ಇಟ್ಟುಕೊಂಡವರನ್ನು ಕೇಳಬೇಕು. ಅವರು ಫ್ರೀ ಸಿಡಿ ಅಂದರೆ ಫ್ರೀ ಸಿಡಿಯೇ.

ಮೈಸೂರಿನವರು ಎಲ್ಲಿ? ಗುರುವಾರ ಆಯಿತಲ್ವಾ?

ಮೈಸೂರಿನಿಂದ:

ಕ್ಷಮಿಸಿ, ಅಂಗಡಿಯಲ್ಲಿದ್ದೆ. ಎಲ್ಲರಿಗೂ ಥ್ಯಾಂಕ್ಸ್. ಬೋರ್ಡು ಕೊಟ್ಟು ಬಂದೆ.

ತಲೆಬರಹದಿಂದ ನಾಸ್ಟಾಲ್ಜಿಯಾ ತೆಗೆದುಬಿಟ್ಟೆ. ‘ಅಟ್ಟದಿಂದ ಇಳಿದ ಹಳೆ ಕಂಪ್ಯೂಟರ್ ಪತ್ರಿಕೆಗಳು’ ಅಂತ ಇಟ್ಟಿದ್ದೇನೆ. ಹಂಬಲ ಬರುವವರಿಗೆ ಬರುತ್ತದೆ, ನಾನು ಬರೆದರೂ ಬಿಟ್ಟರೂ. ಒಳಗಿನ ಚೀಟಿಯಲ್ಲಿ ‘ನೋಡಿ ಟೈಪ್ ಮಾಡುವ ಆಟ’ ಮತ್ತು ‘ಪತ್ರಿಕೆಯ ಜೊತೆ ಬರುತ್ತಿದ್ದ ಫ್ರೀ ಸಿಡಿ’. ಬಲೂನು ಸಿಕ್ಕಿತು! ಬೆನ್ನು ಸ್ವಲ್ಪ ಗೆದ್ದಲು ತಿಂದಿದೆ, ಮುಂದೆಯೇ ಇಟ್ಟಿದ್ದೇನೆ.

ಒಂದು ವಿಷಯ ಹೇಳಲೇಬೇಕು. ನಾನು ಒಯ್ದ ಯೂನಿಕೋಡ್ ಬರಹ ಅಂಗಡಿಯ ಹಳೆ ಸಾಫ್ಟ್‌ವೇರಿಗೆ ಸೇರಲಿಲ್ಲ. ಅಕ್ಷರ ಎಲ್ಲ ಚೌಕ ಚೌಕ. ಕೊನೆಗೆ ಹುಡುಗ ನನ್ನ ಹಾಳೆಯನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು, ನೋಡಿ ನೋಡಿ, ಸಾಲು ಸಾಲಾಗಿ ಟೈಪ್ ಮಾಡಿದ. ನಾನು ಓದಿ ಹೇಳಿದೆ. ಎರಡು ಕಡೆ ಒತ್ತು ತಪ್ಪಿತ್ತು, ತಿದ್ದಿಸಿದೆ.

ಅವನು ‘ಹಳೆ’ ಸರಿಯಾ ‘ಹಳೇ’ ಸರಿಯಾ ಅಂತಲೂ ಕೇಳಿದ. ‘ಹಳೆ’ಯೇ ಇರಲಿ ಅಂದೆ. ಪ್ರಿಂಟಾಗಿ ಹೋಗಿದೆ, ದಯವಿಟ್ಟು ಇದಕ್ಕೆ ಯಾರೂ ಉತ್ತರ ಬರೆಯಬೇಡಿ.

ಧಾರವಾಡದಿಂದ:

ಹಳೆಯ.