ಮಠದ ವಿಶ್ವವಿದ್ಯಾಲಯದಲ್ಲಿ ಸೆಕ್ಯುರಿಟಿ ಮುಖ್ಯಸ್ಥನ ಕೆಲಸ: ಒಪ್ಪಿಕೊಳ್ಳಬಹುದಾ?

ಕಮಾನುಗದ್ದೆ:

ಎಲ್ಲರಿಗೂ ನಮಸ್ಕಾರ. ಸೈನ್ಯದಿಂದ ಸುಬೇದಾರ್ ಆಗಿ ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ವಲ್ಪ ಅಡಿಕೆ ತೋಟ ಇದೆ, ಅದರಲ್ಲೇ ಹೊತ್ತು ಹೋಗುತ್ತೆ ಅಂದ್ಕೊಂಡಿದ್ದೆ. ಈಗ ನಮ್ಮ ಕಡೆಯ ಒಂದು ಮಠದವರು ನಡೆಸುವ ವಿಶ್ವವಿದ್ಯಾಲಯದಿಂದ ಭದ್ರತಾ ವಿಭಾಗ ನೋಡಿಕೊಳ್ಳಿ ಅಂತ ಕರೆ ಬಂದಿದೆ. ಹೆಸರು ಹೇಳೋದು ಬೇಡ.

ಹೋಗಿ ಒಂದು ಸುತ್ತು ನೋಡಿ ಬಂದೆ. ಒಂದು ಮಗ್ಗುಲಿಗೆ ತುಂಗಾ ಹೊಳೆ, ಇನ್ನೊಂದು ಮಗ್ಗುಲಿಗೆ ಕಾಡು. ನಡುವೆ ಮಠ, ದೇವಸ್ಥಾನ, ಭೋಜನಶಾಲೆ, ಚಿಕ್ಕ ಹುಡುಗರ ಗುರುಕುಲ, ಪಿಯು ಕಾಲೇಜು, ಡಿಗ್ರಿ-ಪಿಜಿ ಬ್ಲಾಕುಗಳು, ಹೆಣ್ಣುಮಕ್ಕಳ ಹಾಸ್ಟೆಲ್. ಇಷ್ಟಕ್ಕೂ ಇರೋದು ಒಂದೇ ಮಹಾದ್ವಾರ. ಭಕ್ತರ ಟೆಂಪೊ, ಕಾಲೇಜ್ ಬಸ್ಸು, ಹಾಲಿನ ವ್ಯಾನು ಎಲ್ಲ ಅದರಲ್ಲೇ. ಗಾರ್ಡುಗಳಲ್ಲಿ ಅರ್ಧ ಏಜೆನ್ಸಿಯವರು, ಇನ್ನರ್ಧ ಮಠದವರು ಮೊದಲಿಂದ ಇಟ್ಟುಕೊಂಡ ವಯಸ್ಸಾದವರು. ಶಿಫ್ಟ್ ಬದಲಾಗುವಾಗ ಗೇಟಲ್ಲಿ ಅರ್ಧ ಗಂಟೆ ಯಾರೂ ಇರಲಿಲ್ಲ, ನಾನೇ ನಿಂತು ನೋಡಿದೆ.

ನನ್ನ ಅನುಮಾನ ಇಷ್ಟು. ಮಠ ಅಂದ ಮೇಲೆ ಬಂದವರನ್ನು ತಡೆಯೋ ಹಾಗಿಲ್ಲ, ತಡೆಯದೆ ಕಾಯೋದು ಹೇಗೆ? ಗಾರ್ಡುಗಳಿಗೆ ಕೋವಿ ಕೇಳಬೇಕಾ? ಮತ್ತೆ ಆಡಳಿತಾಧಿಕಾರಿಗಳು ಮಾತಿನ ಮಧ್ಯೆ, "ಹುಡುಗ ಹುಡುಗಿಯರು ಸಂಸ್ಕಾರ ಬಿಡದ ಹಾಗೆ ನೋಡ್ಕೊಳ್ಳೋದೂ ನಿಮ್ಮ ಜವಾಬ್ದಾರಿ" ಅಂದರು. ಅದು ನನಗೆ ಗಂಟಲಲ್ಲಿ ಇಳಿದಿಲ್ಲ. ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇಠಾಣೆ:

ಸುಬೇದಾರ್ ಸಾಹೇಬ್ರೆ, ಒಪ್ಪಿಕೊಳ್ಳಿ. ಆದರೆ ಆರ್ಡರ್ ಕೈಗೆ ತಗೊಳ್ಳೋ ಮೊದಲು ನೀವು ಯಾರಿಗೆ ಉತ್ತರ ಕೊಡಬೇಕು ಅಂತ ಬರೆಸಿಕೊಳ್ಳಿ. ನಾನು ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ರಿಟೈರ್ ಆಗಿ, ಆಮೇಲೆ ಇಂಥದೇ ಒಂದು ಸಂಸ್ಥೆಯಲ್ಲಿ ಇದೇ ಕೆಲಸ ಮಾಡಿದವನು. ರಿಜಿಸ್ಟ್ರಾರ್ ಒಂದು ಹೇಳ್ತಾರೆ, ಮಠದ ಆಫೀಸಿಂದ ಫೋನ್ ಬಂದು ಇನ್ನೊಂದು ಹೇಳ್ತಾರೆ, ಯಾರೋ ದೊಡ್ಡವರ ಕಾರಿನ ಡ್ರೈವರ್ ಬಂದು "ಶ್ರೀಗಳೇ ಹೇಳಿದಾರೆ" ಅಂತ ಮೂರನೇದು ಹೇಳ್ತಾನೆ. ಶ್ರೀಗಳಿಗೆ ಪಾಪ ಎಂಥದೂ ಗೊತ್ತಿರೋಲ್ಲ. ನಾನು ವಾದ ಮಾಡ್ತಿರಲಿಲ್ಲ. "ಆಗ್ಲಿ ಮಾರಾಯ್ರೆ, ಪುಸ್ತಕದಲ್ಲಿ ಹೆಸರು, ಟೈಮು, ಯಾರು ಹೇಳಿದ್ದು ಅಂತ ಬರೆದು ಸಹಿ ಹಾಕಿ ಹೋಗಿ" ಅಂತಿದ್ದೆ. ಪೆನ್ನು ಕೈಗೆ ಕೊಟ್ಟ ಕೂಡಲೇ ಬಹಳ ಜನ ಕಾರು ತಿರುಗಿಸ್ತಿದ್ರು.

ಗೇಟಿನ ವಿಷಯ. ಮಹಾದ್ವಾರದಲ್ಲಿ ಭಕ್ತರಿಗೆ ಐಡಿ ಕೇಳೋಕೆ ಹೋಗಬೇಡಿ, ಒಂದು ವಾರದಲ್ಲಿ ನಿಮ್ಮ ಮೇಲೇ ದೂರು ಹೋಗುತ್ತೆ. ಮಹಾದ್ವಾರ ತೆರೆದೇ ಇರಲಿ. ನಿಮ್ಮ ಗೇಟು ಒಳಗೆ, ದೇವಸ್ಥಾನದಿಂದ ಹಾಸ್ಟೆಲ್ ಮತ್ತು ಕ್ಲಾಸುಗಳ ಕಡೆ ರಸ್ತೆ ಕವಲೊಡೆಯೋ ಜಾಗದಲ್ಲಿ ಬರಬೇಕು. ಭಕ್ತರು ಚಪ್ಪಲಿ ಸ್ಟ್ಯಾಂಡು, ದರ್ಶನ, ಊಟ, ಪಾರ್ಕಿಂಗ್ ಅಂತ ಒಂದು ಸುತ್ತು ಹೊಡೆದು ಹೊರಗೆ ಬೀಳೋ ಹಾಗೆ ದಾರಿ ಮಾಡಿ. ನಮ್ಮಲ್ಲಿ ಭೋಜನಶಾಲೆಯ ಕೈ ತೊಳೆಯೋ ನಲ್ಲಿ ಸಾಲು ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದಿನ ಕಾಂಪೌಂಡಿಗೆ ತಾಗಿಕೊಂಡಿತ್ತು. ಊಟ ಮುಗಿಸಿದ ಗಂಡಸರು ಕೈ ತೊಳೆದು, ಎಲೆಯಡಿಕೆ ಹಾಕ್ಕೊಂಡು, ಅಲ್ಲೇ ಕಟ್ಟೆ ಮೇಲೆ ಹರಟೆಗೆ ಕೂರೋರು. ಮೇಲಿನ ಕಿಟಕಿಗಳು ಮಧ್ಯಾಹ್ನ ಪೂರ್ತಿ ಮುಚ್ಚಿರ್ತಿದ್ವು, ಯಾಕೆ ಅಂತ ಯಾರೂ ಕೇಳಿರಲಿಲ್ಲ. ಪ್ಲಂಬರ್ ಕರೆಸಿ ನಲ್ಲಿ ಸಾಲನ್ನು ಪಾರ್ಕಿಂಗ್ ಮಗ್ಗುಲಿಗೆ ಹಾಕಿಸಿದೆ. ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಕ್ಯಾಮೆರಾಗಳಿಂದಲೂ ಅಷ್ಟು ಉಪಯೋಗ ಆಗಿರಲಿಲ್ಲ. ಕ್ಯಾಮೆರಾ ಮಳೆಗಾಲದಲ್ಲಿ ಸಿಡಿಲಿಗೆ ಹೋಗ್ತಾನೇ ಇರುತ್ತೆ, ನಿಮಗೇ ಗೊತ್ತಾಗುತ್ತೆ.

ದೇವಸ್ಥಾನದ ಪೌಳಿ (ಪ್ರಾಕಾರ) ಒಳಗೆ ಡ್ಯೂಟಿ ಮಾಡೋರನ್ನ ಬೇರೆಯೇ ಇಡಿ: ಬರಿಗಾಲು, ಕ್ಯಾನ್ವಾಸ್ ಬೆಲ್ಟು. ಒಳಗೆ ಸಾಲಲ್ಲಿ ಯಾರೋ ಅಜ್ಜಿ ತಲೆಸುತ್ತಿ ಬಿದ್ದಿರ್ತಾರೆ, ಹೊರಗಿನ ಗಾರ್ಡ್ ಬಾಗಿಲಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಾ ಇರ್ತಾನೆ. ಹಾಗೇ ಸೈನ್ಯದವರು ಅಂತ ಹುರುಪಿನಲ್ಲಿ ಮಿಲಿಟರಿ ಥರದ ಯೂನಿಫಾರ್ಮ್ ಹೊಲಿಸಬೇಡಿ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ 21ನೇ ಕಲಂ ಪ್ರಕಾರ ಸೇನೆ, ಪೊಲೀಸ್ ಸಮವಸ್ತ್ರವನ್ನೋ ಅದನ್ನು ಹೋಲುವುದನ್ನೋ ಖಾಸಗಿ ಗಾರ್ಡ್ ಹಾಕಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಕೋವಿ ಬೇಡವೇ ಬೇಡ. ಹುಂಡಿ ಎಣಿಕೆ ದಿನ ಠಾಣೆಗೆ ಮೊದಲೇ ಪತ್ರ ಕೊಟ್ಟು ಬಂದೋಬಸ್ತ್ ಕೇಳಿ, ಸಾಕು.

ಗಾರ್ಡುಗಳಿಗೆ ಮೊದಲ ದಿನವೇ ತಲೆಗೆ ಹಾಕಬೇಕಾದ್ದು: ನೀವು ಪೊಲೀಸರಲ್ಲ. ಕಣ್ಣೆದುರೇ ಜಾಮೀನು ಸಿಗದಂಥ ಗಂಭೀರ ಅಪರಾಧ ನಡೆದರೆ ಹಿಡಿಯಬಹುದು, ಆದರೆ ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿರೋ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ತಡಮಾಡದೆ, ಎಷ್ಟೇ ಆದರೂ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಹುಡುಗರನ್ನು ಸೆಕ್ಯುರಿಟಿ ರೂಮಲ್ಲಿ ಕೂರಿಸಿ ಮೊಬೈಲ್ ಕಿತ್ತುಕೊಂಡು "ವಿಚಾರಣೆ" ಮಾಡೋ ಚಟ ಎಲ್ಲಾ ಕಡೆ ಇದೆ. ಬಂದ ದಿನವೇ ಬಂದ್ ಮಾಡಿಸಿ.

ಸಂಸ್ಕಾರದ ಮಾತಿಗೆ ಬರ್ತೀನಿ. ಅದನ್ನು ಮೈಮೇಲೆ ಎಳ್ಕೋಬೇಡಿ. ಅದಕ್ಕೆ ಶ್ರೀಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ, ಮನೆಯವರಿದ್ದಾರೆ. ಗಾರ್ಡ್ ಒಬ್ಬ ಇಬ್ಬರನ್ನು ನಿಲ್ಲಿಸಿ "ನಿನ್ನ ಹೆಸರೇನು, ಇವಳ ಹೆಸರೇನು" ಅಂತ ಕೇಳೋಕೆ ಶುರು ಮಾಡಿದ ಅಂದ್ರೆ, ಸಂಜೆಯೊಳಗೆ ಆ ಎರಡು ಹೆಸರು ಪೇಟೆಯ ವಾಟ್ಸಾಪ್ ಗುಂಪಲ್ಲಿ ಇರುತ್ತೆ. ಮಾರನೇ ದಿನ ಬೈಕುಗಳಲ್ಲಿ ಹುಡುಗರು ಬಂದು ಗೇಟಲ್ಲಿ ನಿಲ್ತಾರೆ. ನಮ್ಮಲ್ಲಿ ಹಾಗೆ ಬಂದು, "ಅವನು ಯಾವ ಕ್ಲಾಸು, ಯಾವ ಬಸ್ಸಲ್ಲಿ ಹೋಗ್ತಾನೆ, ಅಷ್ಟು ಹೇಳಿ ಸಾಕು" ಅಂತ ಬಹಳ ಮರ್ಯಾದೆಯಿಂದಲೇ ಕೇಳಿದರು. ಗೇಟಲ್ಲಿದ್ದವಳು ಹೊಸ ಹುಡುಗಿ, "ಯಾವ ವಿದ್ಯಾರ್ಥಿ ವಿವರಾನೂ ಹೊರಗಿನವರಿಗೆ ಕೊಡೋ ಹಾಗಿಲ್ಲ ಅಣ್ಣ, ಆಫೀಸಿಗೆ ಬರೆದು ಕೊಡಿ" ಅಂತ ಹೇಳಿದ್ದನ್ನೇ ಹೇಳ್ತಾ ನಿಂತಳು. ಇನ್ನೊಂದು ಕೈಯಲ್ಲಿ ನನಗೆ ಫೋನು, ನಾನು ಬರ್ತಾ ದಾರಿಯಲ್ಲೇ 112ಕ್ಕೆ ಫೋನು. ಜೀಪ್ ಬರೋ ಹೊತ್ತಿಗೆ ಬೈಕುಗಳು ಖಾಲಿ. ಆ ಹುಡುಗಿಗೆ ಸಂಬಳ ಜಾಸ್ತಿ ಮಾಡಿಸೋಕೆ ನಾನು ಪಟ್ಟ ಪಾಡು ಬೇರೆ ಕತೆ.

ಗುರುಕುಲ, ಪಿಯು ಅಂದ್ರೆ ಹದಿನೆಂಟು ತುಂಬದ ಮಕ್ಕಳು. ಅವರ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ಮಠದ ಮಾನ ಹೋಗುತ್ತೆ, ಒಳಗೇ ಮುಗಿಸೋಣ" ಅಂತ ಒಳ್ಳೆಯ ಜನವೇ ಹೇಳ್ತಾರೆ. ಅಂಥ ಹೊತ್ತಲ್ಲಿ ನೀವು ಯಾರ ಅನುಮತಿಗೂ ಕಾಯದೆ ಠಾಣೆಗೆ ತಿಳಿಸಬಹುದು ಅನ್ನೋದನ್ನೂ ಆರ್ಡರಲ್ಲಿ ಬರೆಸಿ. ಬರೆಯೋಲ್ಲ ಅಂದ್ರೆ ಕೈಮುಗಿದು ತೋಟಕ್ಕೆ ವಾಪಸ್ ಬನ್ನಿ.

ಇನ್ನು ನಮ್ಮ ಮಲೆನಾಡಿನ ತಾಪತ್ರಯ. ಕಳ್ಳರಿಗಿಂತ ಹೊಳೆ ಹೆಚ್ಚು ಜೀವ ತಗೊಳ್ಳುತ್ತೆ. ತುಂಗೆ ಗಂಗಾಮೂಲದಲ್ಲಿ ಹುಟ್ಟಿ ಬರೋದು. ಮೇಲೆ ಶೃಂಗೇರಿ ಕಡೆ ಮಳೆ ಹೊಡೆದರೆ ನಮ್ಮಲ್ಲಿ ಬಿಸಿಲಿದ್ದಾಗಲೇ ಬಂಡೆ ಮುಳುಗುತ್ತೆ. ಬಯಲುಸೀಮೆಯಿಂದ ಬಂದ ಹುಡುಗರಿಗೆ ಇದು ಗೊತ್ತಿರೋಲ್ಲ. ಮೇಲಿನ ಊರಲ್ಲಿ ಫೋನ್ ಎತ್ತೋ ಅಂಗಡಿಯವನೊಬ್ಬನ ಪರಿಚಯ ಇಟ್ಕೊಳ್ಳಿ. ಸ್ನಾನಘಟ್ಟದಲ್ಲಿ ಟ್ಯೂಬು, ಲೈಫ್ ಜಾಕೆಟ್ ಇರಲಿ. ಜೊತೆಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನಿಗೆ ಉದ್ದ ನೈಲಾನ್ ಹಗ್ಗ ಕಟ್ಟಿ ತೂಗುಹಾಕಿ. ತಳದಲ್ಲಿ ಒಂಚೂರು ನೀರು ಬಿಟ್ಟಿದ್ದರೆ ಎಸೆದಾಗ ದೂರ ಹೋಗುತ್ತೆ. ಈಜು ಬರುತ್ತೆ ಅಂತ ಗಾರ್ಡ್ ತಾನೇ ಹಾರೋದು ಬೇಡ, ಹಗ್ಗ ಎಸೆಯೋದು ಕಲಿಸಿ.

ಕಾಡಿನ ಅಂಚಲ್ಲಿ ರೌಂಡ್ಸ್ ಹೋಗೋರಿಗೆ ಡಿಸೆಂಬರಿಂದ ಮೇವರೆಗೆ ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಮಂಗನ ಕಾಯಿಲೆ ಕಾಲ. ಈ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಗಂಬೂಟು, ಉದ್ದ ತೋಳಿನ ಅಂಗಿ, ಉಣುಗು ಹತ್ತದ ಹಾಗೆ ಮೈಗೆ ಹಚ್ಚೋಕೆ ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ. ದರಗಿನ (ಒಣಗಿ ಬಿದ್ದ ಎಲೆಗಳ) ಮೇಲೆ ಕೂರೋ ಹಾಗಿಲ್ಲ, ವಾಪಸ್ ಬಂದ ಮೇಲೆ ಮೈಯಲ್ಲಿ ಉಣುಗು ಇದೆಯಾ ನೋಡ್ಕೋಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಇಲಾಖೆಗೆ ಫೋನ್. ರಾತ್ರಿ ಕಾಟಿ (ಕಾಡುಕೋಣ) ರಸ್ತೆಗೆ ಬಂದರೆ ಟಾರ್ಚ್ ಬಿಟ್ಟು ಓಡಿಸೋ ಶೌರ್ಯನೂ ಬೇಡ.

ಹಾಸ್ಟೆಲ್‌ಮೇಡಂ:

ಹಳೇಠಾಣೆ ಸರ್ ಪುಸ್ತಕ, ಸಹಿ ಅಂದ್ರಲ್ಲ, ಆ ಪುಸ್ತಕದ ಬಗ್ಗೆನೇ ನನ್ನ ತಕರಾರು. ನಾನು ವಾರ್ಡನ್. ನಮ್ಮ ಗೇಟ್ ರಿಜಿಸ್ಟರಲ್ಲಿ ಹುಡುಗಿಯರು ಹೆಸರು, ರೂಮ್ ನಂಬರು, ಮೊಬೈಲ್ ನಂಬರು ಬರೀಬೇಕಿತ್ತು. ಅದೇ ಹಾಳೆಯಲ್ಲಿ ಕೊರಿಯರ್ ಹುಡುಗ, ಗ್ಯಾಸಿನವನು, ಎಲ್ಲರೂ ಸಹಿ ಹಾಕೋರು. ಹುಡುಗಿಯರಿಗೆ ರಾತ್ರಿ ಗೊತ್ತಿಲ್ಲದ ನಂಬರಿಂದ ಮೆಸೇಜು ಬರೋಕೆ ಶುರುವಾಯ್ತು. ಎಲ್ಲಿಂದ ನಂಬರ್ ಸಿಕ್ತು ಅಂತ ಹುಡುಕ್ತಾ ಹೋದರೆ ಮೇಜಿನ ಮೇಲೆ ತೆರೆದಿಟ್ಟ ನಮ್ಮ ರಿಜಿಸ್ಟರೇ! ಈಗ ವಿದ್ಯಾರ್ಥಿಗಳಿಗೆ ಬೇರೆ ಪುಸ್ತಕ, ಅದರಲ್ಲಿ ಐಡಿ ನಂಬರು ಮತ್ತು ಟೈಮು ಮಾತ್ರ. "ತಡವಾದ ಕಾರಣ" ಅನ್ನೋ ಕಾಲಂ ತೆಗೆಸಿ ಸುಬೇದಾರ್ ಸರ್. ಮುಟ್ಟಿನ ಹೊಟ್ಟೆನೋವಿಗೆ ಮಾತ್ರೆ ತರೋಕೆ ಹೋಗಿದ್ದೆ ಅಂತ ಗೇಟಲ್ಲಿ ಗಂಡಸಿನ ಮುಂದೆ ಯಾವ ಹುಡುಗಿ ಬರೀತಾಳೆ?

ಮತ್ತೆ ಒಂದು ವಿಷಯ. ಕಿರುಕುಳದ ದೂರು ತಂದ ಹುಡುಗಿಯಿಂದ ಗಾರ್ಡ್ ಪೂರ್ತಿ ಕತೆ ಕೇಳೋದು ಬೇಡ. ಕೂರಿಸಿ, ನೀರು ಕೊಟ್ಟು, ಮಹಿಳಾ ಗಾರ್ಡನ್ನೋ ನಮ್ಮನ್ನೋ ಕರೆದರೆ ಸಾಕು. ಯುಜಿಸಿಯ 2015ರ ನಿಯಮದ ಪ್ರಕಾರ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಸದಸ್ಯರ ನಂಬರು ಸೆಕ್ಯುರಿಟಿ ಕ್ಯಾಬಿನ್ ಗೋಡೆ ಮೇಲೆ ಇದೆಯಾ ಅಂತ ಹೋದ ದಿನವೇ ನೋಡಿ.

ಕೊಪ್ಪದ_ಹುಡುಗ:

ನಾನು ಅಮೆರಿಕದಲ್ಲಿ ಓದಿದ್ದು ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಕೆಲವು ಧಾರ್ಮಿಕ ವಿಶ್ವವಿದ್ಯಾಲಯಗಳಿಗೆ ಸ್ವಂತ ಪೊಲೀಸ್ ವಿಭಾಗವೇ ಇರುತ್ತೆ, ನೋಟರ್ ಡೇಮ್‌ನಲ್ಲಿ ಇದೆ. ನನಗೆ ಇಷ್ಟವಾಗಿದ್ದು ಅದಲ್ಲ, ಕ್ಲೆರಿ ಕಾಯ್ದೆ. 1986ರಲ್ಲಿ ಜೀನ್ ಕ್ಲೆರಿ ಅನ್ನೋ ವಿದ್ಯಾರ್ಥಿನಿ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದ ಮೇಲೆ, 1990ರಲ್ಲಿ ಬಂದ ಕಾನೂನು. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯೋ ಕಾಲೇಜು ಚರ್ಚಿನದಾದರೂ ಸರಿ, ಕ್ಯಾಂಪಸ್ಸಿನ ಅಪರಾಧಗಳ ಲೆಕ್ಕವನ್ನು ಪ್ರತಿವರ್ಷ ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ಸೆಕ್ಯುರಿಟಿ ಆಫೀಸಲ್ಲಿ ದಿನಚರಿ ಪುಸ್ತಕ ಇರುತ್ತೆ, ಇತ್ತೀಚಿನ 60 ದಿನದ್ದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ನಾನೂ ಒಮ್ಮೆ ಕುತೂಹಲಕ್ಕೆ ನೋಡಿದ್ದೆ, ಬಹಳಷ್ಟು ಸೈಕಲ್ ಕಳ್ಳತನ. ನಮ್ಮಲ್ಲಿ ಕಾನೂನು ಹೇಳದಿದ್ದರೂ ಹೆಸರು ಬಿಟ್ಟು ಅಂಥದೊಂದು ಪುಸ್ತಕ ಇಡೋಕೆ ಅಡ್ಡಿ ಏನು?

ಹಳೇಠಾಣೆ:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಪುಸ್ತಕ ಕಾರಿನವರಿಗೆ, ಹುಡುಗಿಯರಿಗಲ್ಲ.

ಕೊಪ್ಪದ ತಮ್ಮ, ಅಡ್ಡಿ ಕಾನೂನಿನದ್ದಲ್ಲ, ಪ್ರವೇಶಾತಿಯದ್ದು. ಪಕ್ಕದ ಕಾಲೇಜು ಸೊನ್ನೆ ತೋರಿಸುವಾಗ ನಾವು ಯಾಕೆ ಏಳು ಅಂತ ತೋರಿಸಬೇಕು ಅಂತಾರೆ. ಆದರೂ ಪ್ರತಿ ತಿಂಗಳು ಒಂದು ಹಾಳೆ ಲೆಕ್ಕ ಕುಲಪತಿಗಳ ಟೇಬಲಿಗೆ ಹೋಗೋ ಹಾಗೆ ಮಾಡಬಹುದು. ನಾನು ಮಾಡಿದ್ದೆ. ದೀಪ ಇಲ್ಲದ ತಿರುವು, ಮುರಿದ ಬೇಲಿ ಎಲ್ಲಾ ಆ ಹಾಳೆಯಿಂದಲೇ ರಿಪೇರಿ ಆಗಿದ್ದು.

ಕಮಾನುಗದ್ದೆ:

ಎಲ್ಲರಿಗೂ ಧನ್ಯವಾದ. ಶುಕ್ರವಾರ ರಿಜಿಸ್ಟ್ರಾರ್ ಭೇಟಿ ಇದೆ, ಬರೆಸಿಕೊಳ್ಳೋದನ್ನು ಕೇಳೇ ಕೇಳ್ತೀನಿ. ಇನ್ನೊಂದು ಪ್ರಶ್ನೆ ಹಳೇಠಾಣೆ ಸಾರ್: ಮಠದ ಆ ವಯಸ್ಸಾದ ಗಾರ್ಡುಗಳನ್ನು ತೆಗೀರಿ ಅಂತ ಏಜೆನ್ಸಿಯವರು ಒತ್ತಾಯ ಮಾಡ್ತಿದ್ದಾರೆ. ಏನು ಮಾಡೋದು?

ಹಳೇಠಾಣೆ:

ತೆಗೀಬೇಡಿ. ಯಾವ ಭಕ್ತರ ಮನೆ ಎಲ್ಲಿ, ಯಾರ ಮಗ ಯಾರು, ಯಾವ ಮುಖ ಹೊಸದು ಅನ್ನೋದು ಅವರಿಗೆ ಬಾಯಿಪಾಠ. ಹಗಲು ಪೌಳಿ ಕಡೆ ಹಾಕಿ, ರಾತ್ರಿ ಪಾಳಿ ಬೇಡ. ಆದರೆ ಅಡಿಕೆ ಕೊನೆ ಕೊಯ್ಲು ಶುರುವಾದರೆ ಅವರೂ ಇಲ್ಲ, ಏಜೆನ್ಸಿ ಹುಡುಗರೂ ಇಲ್ಲ, ನಾಟಿ ಹೊತ್ತಲ್ಲೂ ಅಷ್ಟೇ. ರಜೆ ಕೊಡೋಲ್ಲ ಅಂದ್ರೆ ಹೇಳದೆ ಹೋಗ್ತಾರೆ. ಯಾರ ತೋಟದ ಕೊಯ್ಲು ಯಾವಾಗ ಅಂತ ಮೊದಲೇ ಪಟ್ಟಿ ಮಾಡಿ ಸರದಿಯಲ್ಲಿ ಕೊಡಿ. ನಿಮ್ಮದೂ ಸೇರಿಸಿ!

ಏಜೆನ್ಸಿಯವರು ಅಷ್ಟು ಜೋರು ಮಾಡ್ತಾರೆ ಅಂದ್ರೆ ಅವರ ಲೈಸೆನ್ಸ್ ಪ್ರತಿ ಕೇಳಿ. ಐದು ವರ್ಷಕ್ಕೆ ಕೊಡೋದು ಅದು, ಅವಧಿ ಮುಗಿದಿದೆಯಾ ನೋಡಿ. ಜೊತೆಗೆ ಪ್ರತಿ ಗಾರ್ಡಿನ ತರಬೇತಿ ಸರ್ಟಿಫಿಕೇಟು, ಪೊಲೀಸ್ ವೆರಿಫಿಕೇಶನ್, ಪಿಎಫ್ ಚಲನ್. ಮೂರೂ ಒಟ್ಟಿಗೆ ಕೇಳಿ, ಶುಕ್ರವಾರಕ್ಕೆ ಮೊದಲೇ.